ಮಗ್ಗ ನಿಂತರೂ ಏಳದ ಕೂಸು

ನಮ್ಮ ಬೀದಿಯ ಮಕ್ಕಳಿಗೆ ಲಾಲಿ ಹಾಡಬೇಕಾಗಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಮನೆ ಅಂದರೆ ನಡುಮನೆಯ ಪಕ್ಕದಲ್ಲೇ ಮಗ್ಗ; ಅದರ ಸದ್ದಿಗೇ ಕೂಸು ಕಣ್ಣು ಮುಚ್ಚುತ್ತದೆ. ಕರೆಂಟ್ ಹೋಗಿ ಮಗ್ಗ ನಿಂತಿತೋ, ಯಾರೋ ಚಿವುಟಿದ ಹಾಗೆ ಎದ್ದು ಕಿರುಚುತ್ತದೆ. ನೆಂಟರು ಇದನ್ನು ನಂಬುವುದಿಲ್ಲ. ಸೊಸೆಯಾಗಿ ಬಂದಾಗ ನಾನೂ ನಂಬಿರಲಿಲ್ಲ. ಮೂರು ಮಕ್ಕಳನ್ನು ಸಾಕಿದ ಮೇಲೆ ನಂಬಿದೆ.

ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಎರಡೂವರೆ ತಿಂಗಳು. ನೆಗಡಿಯಾಗಿ ಮೂಗು ಕಟ್ಟಿ, ಎರಡು ಗುಟುಕು ಹಾಲು ಕುಡಿಯುವಷ್ಟರಲ್ಲಿ ಉಸಿರು ಸಾಲದೆ ಅಳುತ್ತಿತ್ತು. ನಮ್ಮತ್ತೆ ಇದ್ದಿದ್ದರೆ ತೂಬಗೆರೆ ದಾರಿಯ ತೋಪಿನಿಂದ ನೀಲಗಿರಿ ಸೊಪ್ಪು ತರಿಸಿ, ಅಂಗೈಯಲ್ಲಿ ಹಿಸುಕಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಜೋಲಿಯ ಹಗ್ಗಕ್ಕೆ ಎತ್ತರದಲ್ಲಿ ತೂಗುಬಿಡುತ್ತಿದ್ದರು. ಈಗ ತೋಪೆಲ್ಲ ಕಡಿದು ಸೈಟು ಮಾಡಿದ್ದಾರೆ. ನನ್ನ ಹತ್ತಿರ ಇದ್ದದ್ದು ಒಂದು ಸಣ್ಣ ಸೀಸೆ. ಹೊಸಕೋಟೆ ಕಡೆ ಸೊಪ್ಪು ಬೇಯಿಸಿ ಎಣ್ಣೆ ಇಳಿಸುವ ನೆಂಟರೊಬ್ಬರು ಕೊಟ್ಟಿದ್ದರು. "ಅಪ್ಪಟ ಕಣಕ್ಕ. ಒಂದು ತೊಟ್ಟು ಬೇರೆ ಎಣ್ಣೆ ಸೇರ್ಸಿಲ್ಲ" ಎಂದು ಹೇಳಿಯೇ ಕೊಟ್ಟಿದ್ದರು.

ಸೀಸೆ ಕಂಡ ಕೂಡಲೇ ಮಗಳು, "ಅಮ್ಮ, ಅದೆಲ್ಲ ಬೇಡ. ಸಂಜೆ ಡಾಕ್ಟ್ರತ್ರ ತೋರ್ಸೋಣ" ಅಂದಳು.

"ಹೂಂ ಕಣಮ್ಮ, ನಿನ್ನ ಮೂಗು ಒರೆಸಿ ಬೆಳೆಸಿದ್ದೂ ಡಾಕ್ಟ್ರೇ ಅಲ್ವಾ?"

ಅವಳು ನಕ್ಕು ಸ್ನಾನಕ್ಕೆ ಹೋದಳು. ನಾನು ಸೀಸೆಯ ಮುಚ್ಚಳ ತೆಗೆದೆ.

ಎದೆಗೆ ಎರಡು ತೊಟ್ಟು ಉಜ್ಜಿದೆ. ಮೂಗಿನ ಹೊಳ್ಳೆಗಳಿಗೆ ಸವರಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಜೇನುತುಪ್ಪದಲ್ಲಿ ಒಂದಿಷ್ಟು ಬೆರೆಸಿ ನಾಲಿಗೆಗೂ ನೆಕ್ಕಿಸಿದೆ. ಕೂಸು ಕೆಮ್ಮಿತು, ಮುಖ ಕೆಂಪಗೆ ಮಾಡಿತು, ಆಮೇಲೆ ಮೆತ್ತಗಾಯಿತು. ಮೂಗು ಬಿಟ್ಟಿತು, ಇನ್ನು ಹಾಯಾಗಿ ಮಲಗುತ್ತದೆ ಎಂದುಕೊಂಡು ಜೋಲಿಗೆ ಹಾಕಿದೆ. ಮಗ್ಗ ಓಡುತ್ತಲೇ ಇತ್ತು. ನಾನು ನೂಲಿನ ಕಂಡಿಕೆ ಸುತ್ತಲು ಕೂತೆ.

ಆಗ ಕರೆಂಟ್ ಹೋಯಿತು.

ಮಗ್ಗ ನಿಂತಿತು. ಅಭ್ಯಾಸಬಲದಿಂದ ನನ್ನ ಕೈ ಜೋಲಿಯ ಕಡೆ ಹೋಯಿತು, ಈಗ ಅಳುತ್ತದೆ, ತೂಗೋಣ ಎಂದು. ಕೂಸು ಅಳಲಿಲ್ಲ. ಎದುರು ಮನೆಯ ಕೂಸು ಅಳುವುದು ಕೇಳಿಸಿತು. ಅದರ ಪಕ್ಕದ ಮನೆಯದ್ದೂ ಕೇಳಿಸಿತು. ನಮ್ಮದು ಮಾತ್ರ ಅಳಲಿಲ್ಲ.

ಎತ್ತಿಕೊಂಡರೆ ನೆನೆದ ಬಟ್ಟೆಯ ಹಾಗೆ ತೋಳಿಂದ ಜಾರಿತು. ತುಟಿಯ ಸುತ್ತ ನೀಲಿ. ಉಸಿರು ಬರುತ್ತಿತ್ತು, ಆದರೆ ಒಂದು ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗಿತ್ತು. ಮಗಳು ಒದ್ದೆ ತಲೆಯಲ್ಲೇ ಓಡಿಬಂದಳು. ಆಟೋದಲ್ಲಿ ಪಕ್ಕದ ಮನೆಯಾಕೆ, "ಹಾಲು ಸಿಕ್ಕಿರ್ಬೇಕು, ಗಂಟ್ಲಿಗೆ ಬೆರಳು ಹಾಕಿ ಕಕ್ಕಿಸ್ರೀ" ಎಂದು ಕೂಗುತ್ತಲೇ ಇದ್ದಳು. ನನ್ನ ಬೆರಳು ಏಳಲಿಲ್ಲ. ಆ ಬೆರಳೇ ಅಲ್ಲವೇ ಮಾಡಿದ್ದು!

ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆ ಇಡುತ್ತಲೇ ಡಾಕ್ಟರಮ್ಮ ಕೇಳಿದರು, "ಏನಾಯ್ತು? ಏನಾದ್ರೂ ಹಚ್ಚಿದ್ರಾ? ಕುಡಿಸಿದ್ರಾ?"

"ಏನೂ ಇಲ್ಲ ಮೇಡಂ, ಬರೀ ನೆಗಡಿ" ಅಂದಳು ಮಗಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ನಾನು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದೆ. ಬೀಗರ ಮುಖ ಕಣ್ಣಮುಂದೆ ಬಂತು. ಅತ್ತ ಕೂಸು ಸಾಯುತ್ತಿದೆ, ಇತ್ತ ನಾನು ಮರ್ಯಾದೆ ಕಾಯುತ್ತಿದ್ದೇನೆ. ಡಾಕ್ಟರಮ್ಮ ಬಗ್ಗಿ ಕೂಸಿನ ಎದೆ ಮೂಸಿದರು. ತಲೆ ಎತ್ತಿ ನೇರ ನನ್ನನ್ನೇ ನೋಡಿದರು.

"ಅಜ್ಜಿ, ಬೈಯ್ಯಲ್ಲ. ಹೊಟ್ಟೆಗೂ ಹೋಗಿದ್ಯಾ? ಅದೊಂದು ಹೇಳಿ."

"ಹೋಗಿದೆ ತಾಯಿ. ನಾನೇ ನೆಕ್ಕಿಸ್ದೆ."

ಮಗಳು ತಿರುಗಿ ನೋಡಿದಳು.

"ಕಕ್ಕಿಸಿದ್ರಾ?" ಡಾಕ್ಟರಮ್ಮ ಕೇಳಿದರು.

"ಇಲ್ಲ."

"ಸದ್ಯ. ಎಣ್ಣೆ ಶ್ವಾಸಕೋಶಕ್ಕೆ ಇಳಿದ್ಬಿಡ್ತಿತ್ತು."

ಇದಕ್ಕೆ ವಿಷ ಮುರಿಯುವ ಔಷಧಿ ಇಲ್ಲವಂತೆ. ಉಸಿರು ತಪ್ಪದ ಹಾಗೆ, ಫಿಟ್ಸ್ ಬರದ ಹಾಗೆ ನೋಡಿಕೊಂಡು ಕಾಯುವುದೊಂದೇ. ಬೆಂಚಿನ ಮೇಲೆ ಕೂತಿದ್ದ ನನಗೆ ಡಾಕ್ಟರಮ್ಮ ಆಮೇಲೆ ಬಿಡಿಸಿ ಹೇಳಿದರು. ನೀಲಗಿರಿ ಎಣ್ಣೆಯ ಮುಕ್ಕಾಲು ಪಾಲು ಸಿನಿಯೋಲ್ ಎಂಬ ಒಂದೇ ವಸ್ತುವಂತೆ. ಆ ತಣ್ಣನೆಯ ಘಾಟು ಅದರದ್ದೇ. "ಎಲೇಲಿ ಅದು ಚೂರೇ ಚೂರು ಇರುತ್ತಜ್ಜಿ. ನೀವು ಕೊಟ್ಟಿದ್ದು ಎಲೆ ಅಲ್ಲ, ಒಂದು ಹೊರೆ ಸೊಪ್ಪಿನ ಸತ್ವ. ದೊಡ್ಡೋರಿಗೆ ಅದು ಮೂಗು ಬಿಡಿಸುತ್ತೆ. ಇಷ್ಟು ಚಿಕ್ಕ ಕೂಸಿಗೆ ಮೂಗಿನ ಹತ್ರ ಘಾಟು ಬಡಿದ್ರೆ ಉಸಿರೇ ಹಿಡ್ಕೊಳ್ಳುತ್ತೆ. ಹೊಟ್ಟೆಗೆ ಹೋದ್ರೆ ಮಿದುಳಿಗೆ ಮಂಪರು."

ನಾನು ನಿದ್ದೆ ಅಂದುಕೊಂಡದ್ದು ಆ ಮಂಪರನ್ನು.

ಅತ್ತೆ ನಗುನಗುತ್ತಾ ಒಂದು ಮಾತು ಹೇಳುತ್ತಿದ್ದರು: "ಸೊಪ್ಪು ಅಂದ್ರೆ ಅವ್ವ, ಎಣ್ಣೆ ಅಂದ್ರೆ ಅತ್ತೆ. ಅತ್ತೇನ ಮನೇಲಿ ಇಟ್ಕೋ, ಕೂಸಿನ್ ಹತ್ರ ಬಿಡ್ಬೇಡ." ಅವರನ್ನು ಅವರೇ ಹಂಗಿಸಿಕೊಳ್ಳುತ್ತಾರೆ ಎಂದು ನಾವೂ ನಗುತ್ತಿದ್ದೆವು. ಗಂಟನ್ನು ಯಾಕೆ ಅಷ್ಟು ಎತ್ತರಕ್ಕೆ ಕಟ್ಟುತ್ತಾರೆ ಎಂದು ಒಂದು ದಿನವೂ ಕೇಳಲಿಲ್ಲ.

ಮಧ್ಯಾಹ್ನ ಕಳೆಯಿತು. ಗಾಜಿನಾಚೆ ಆ ಪುಟ್ಟ ಎದೆ ಏಳುವುದನ್ನೇ ನೋಡುತ್ತಾ, ಅದು ಎದ್ದಾಗಲೆಲ್ಲ ನಾನೂ ಉಸಿರೆಳೆದುಕೊಂಡೆ. ಇಳಿಹೊತ್ತಿಗೆ ಕರೆಂಟ್ ಹೋಗಿ ವಾರ್ಡಿನ ಫ್ಯಾನುಗಳು ನಿಂತವು. ಜನರೇಟರ್ ಹತ್ತುವ ಮೊದಲು ಒಂದು ಗಳಿಗೆ ಎಲ್ಲ ನಿಶ್ಶಬ್ದ. ಅಳು, ತಾಯಿ, ಅಳು ಎಂದು ಗಾಜಿಗೆ ಹಣೆ ಹಚ್ಚಿದೆ. ಅಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನರ್ಸು ಸೂಜಿ ಸರಿಮಾಡುವಾಗ ಒಂದು ದನಿ ಬಂತು. ಬೆಕ್ಕಿನ ಮರಿಯ ದನಿಯಷ್ಟು. ಮತ್ತೊಂದು ಬಂತು. ಆಮೇಲೆ ಸಿಟ್ಟಿನಿಂದ ಗಂಟಲು ಬಿಚ್ಚಿ ಅತ್ತಿತು.

ಕೂಸು ಮಗಳ ತೊಡೆ ಸೇರಿದ ಮೇಲೆ ಅವಳು ನನ್ನ ಕಡೆ ನೋಡದೆಯೇ, "ಕೈ ತೊಳ್ಕೊಂಡು ಬಾಮ್ಮ, ಎತ್ಕೊಳ್ಳುವಂತೆ" ಅಂದಳು.

ತೊಳೆದೆ. ಸೋಪು ಹಾಕಿ, ಉಗುರಿನ ಸಂದಿ ಉಜ್ಜಿ, ಮೂರು ಸಲ ತೊಳೆದೆ. ಮೂಸಿದರೆ ಅದೇ ತಣ್ಣನೆಯ ಘಾಟು. ನೀರಿಗೆ ಅದು ಜಗ್ಗುವುದಿಲ್ಲ. ತಿರುಗಿ ಬಂದು ಮಂಚದ ಕಾಲ ಬಳಿ ನಿಂತೆ. ಎತ್ತಿಕೊಳ್ಳಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅದು ಅಳುವುದನ್ನು ಕೇಳುತ್ತಾ ನಿಂತೆ.