ನೂರ್ಜಹಾನ್ ಬೆರಳು ಮತ್ತು ಉಣ್ಣೆ ಸೂಟು

ನಮ್ಮ ರಾಮನಗರದ ಬೀದಿಯಲ್ಲಿ ನೂರ್ಜಹಾನ್ ಅವರ ಬಾಯಿಗೆ ಹೆದರದವರಿಲ್ಲ. ಅವರೇ ಹೆದರಿದ್ದನ್ನು ನಾನು ಕಂಡಿದ್ದು ಹೋದ ಡಿಸೆಂಬರ್‌ನಲ್ಲಿ ಮಾತ್ರ.

ಹನ್ನೆರಡನೇ ವಯಸ್ಸಿಗೇ ರೇಷ್ಮೆ ಗೂಡು ಬೇಯಿಸುವ ಬೇಸಿನ್ ಮುಂದೆ ಕೂತವರು ಅವರು. ಮೂವತ್ತು ವರ್ಷ ಸುಡುನೀರಲ್ಲಿ ಬೆರಳಾಡಿಸಿ ನೂಲು ತೆಗೆದರು. ನೀರು ಹದಕ್ಕೆ ಬಂತೋ ಇಲ್ಲವೋ ಎಂದು ಬೆರಳದ್ದಿ ಹೇಳಿದರೆ ಮಾಲೀಕರೂ ಎದುರಾಡುತ್ತಿರಲಿಲ್ಲ. ಮಷೀನು ಬಂದ ಮೇಲೆ ಮನೆಯಲ್ಲೇ ಕೊಕ್ಕೆ ಸೂಜಿಯ ಆರಿ ಕಸೂತಿಗೆ ಕೂತರು. ಅದಕ್ಕೂ ನಮ್ಮೂರ ರೇಷ್ಮೆ ದಾರವೇ ಆಗಬೇಕು, ಬೇರೆ ತಂದುಕೊಟ್ಟವರು ಬೈಸಿಕೊಂಡೇ ಹೋಗಬೇಕು.

ಕನಕಪುರದ ಲತಾಮಣಿ ಟೀಚರ್ ಒಂದು ಉಣ್ಣೆ ಬಟ್ಟೆ ತಂದರು. ಅವರ ತಾಯಿ ಕಾಶ್ಮೀರಕ್ಕೆ ಹೋದಾಗ ಕೈಮಗ್ಗದವರಿಂದ ಕೊಂಡದ್ದು, ಹೊಲಿಸದೆಯೇ ತೀರಿಕೊಂಡರಂತೆ. ಈ ಚಳಿಗೆ ಅದರಲ್ಲಿ ಸಲ್ವಾರ್ ಸೂಟ್ ಹೊಲಿಸಿ ಹಾಕಿಕೊಳ್ಳುವ ಆಸೆ ಟೀಚರಿಗೆ. ನೂರ್ಜಹಾನ್ ಒಂದೂವರೆ ತಿಂಗಳು ಕೂತು ಕುತ್ತಿಗೆಗೆ, ತೋಳಿಗೆ ಹಳದಿ ಹೂವು ತುಂಬಿದರು. ಹೂವಿಗೆಂದು ಎಳೆದಿದ್ದ ಗುರುತಿನ ಗೆರೆ ಹೋಗಲೆಂದು ಕೊನೆಗೆ ಕಾಯಿಸಿದ ನೀರಲ್ಲಿ ಅದ್ದಿ ಕಿವುಚಿದರು. ಬೆರಳಿಟ್ಟು ನೋಡಿ, ಬೆಚ್ಚಗಷ್ಟೇ ಇದೆ ಎಂದುಕೊಂಡೇ ಅದ್ದಿದ್ದು. ಎತ್ತಿದಾಗ ಬಟ್ಟೆ ಕಂಬಳಿಯಂತೆ ದಪ್ಪಗಾಗಿ, ಒಂದು ಗೇಣು ಕುಗ್ಗಿ, ಹೂವೆಲ್ಲ ಸುಕ್ಕುಗಟ್ಟಿತ್ತು.

ಉಣ್ಣೆ ಹೀಗೆ ಕುಗ್ಗುವುದು ಸುಡುನೀರಿಗೆ; ಅನುಮಾನ ಬಂದು ಒಲೆ ಮೇಲೆ ಕುದಿಯುತ್ತಿದ್ದ ಟೀ ಪಾತ್ರೆ ಮುಟ್ಟಿದರು. ಬೆರಳಿಗೆ ಏನೂ ಗೊತ್ತಾಗಲಿಲ್ಲ. ಇದು ಹೊರಗೆ ತಿಳಿದರೆ ಸೂಜಿ ಕೆಲಸ ಯಾರು ಕೊಡುತ್ತಾರೆ? ಅದಕ್ಕಿಂತ ದೊಡ್ಡ ಭಯ ಮಗುವಿನದು. ಸೊಸೆ ಕೆಹಕಶಾನ್ ಬಾಣಂತನ ಮುಗಿಸಿ, ಎರಡು ತಿಂಗಳ ಮಹ್ವಿಶ್‌ಳನ್ನು ಎತ್ತಿಕೊಂಡು ಮಾಗಡಿಯ ತವರಿಂದ ಆ ಸಂಜೆಯೇ ಬರುವವಳಿದ್ದಳು. ಮೊಮ್ಮಗಳಿಗೆ ನೀರು ಹಾಕುವುದು ನಾನೇ ಎಂದು ಈಕೆ ಬೀದಿಗೆಲ್ಲ ಸಾರಿಬಿಟ್ಟಿದ್ದರು.

ಮಧ್ಯಾಹ್ನ ಟೀಚರ್ ಬಂದಾಗ, ಹಳೇ ಉಣ್ಣೆ, ನೀರು ತಾಗಿದ್ದೇ ಕುಗ್ಗಿತು ಎಂದು ಸುಳ್ಳು ಹೇಳಿದರು. ಟೀಚರ್ ನಂಬಿದರು. ಬೈಯಲಿಲ್ಲ, ಬಟ್ಟೆಯನ್ನು ಎದೆಗೊತ್ತಿಕೊಂಡು ಅಳುತ್ತಾ ಹೋದರು. ಬೈದಿದ್ದರೆ ವಾಸಿಯಿತ್ತು ಎಂದು ನೂರ್ಜಹಾನ್ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ಸಂಜೆ ಬಂದ ಸೊಸೆಗೂ ಅದೇ ಸುಳ್ಳು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತರು. ಕಾಲ ಮೇಲೆ ಮಗು ಬರಿಮೈಯಲ್ಲಿ ಕೈ ಆಡಿಸುತ್ತಾ ನಗುತ್ತಿತ್ತು. ಸೊಸೆ ಬಕೆಟ್ ತಂದಿಟ್ಟು, "ಹದ ನೋಡಿ ಅಮ್ಮೀ" ಎಂದಳು. ಹಬೆ ಏಳುತ್ತಿತ್ತು, ಆದರೆ ಆ ಚಳಿಯಲ್ಲಿ ಉಗುರುಬೆಚ್ಚಗಿನ ನೀರಿಗೂ ಹಬೆ ಏಳುತ್ತದೆ. ನೂರ್ಜಹಾನ್ ಬೆರಳದ್ದಿದರು. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಚೊಂಬು ತುಂಬಿಕೊಂಡರು. ಮಗುವಿನ ಮುಖ ನೋಡಿ ಚೊಂಬಿನ ನೀರನ್ನು ಮತ್ತೆ ಬಕೆಟ್ಟಿಗೇ ಸುರಿದರು.

"ನೀನೇ ನೋಡು ಬೇಟಿ," ಎಂದರು. "ನನ್ ಬೆರಳಿಗೆ ಬಿಸಿ ಗೊತ್ತಾಯ್ತಾ ಇಲ್ಲ. ಟೀಚರ್ ಬಟ್ಟೆ ಹಾಳ್ ಮಾಡಿದ್ದೂ ನಾನೇಯ."

ಕೆಹಕಶಾನ್ ನೀರಿಗೆ ಕೈಯಿಟ್ಟವಳು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಅತ್ತೆಯ ಕಾಲ ಮೇಲಿಂದ ಮಗುವನ್ನು ಎತ್ತಿಕೊಂಡಳು.