ಸಾಸವಡದ ಅಕ್ಷರಗಳಿಗೆ ಯೆರವಡಾದ ಕಾವಲು

ಬೆಳಗಿನ ಜಾವ, ಪುಣೆಯ ಯೆರವಡಾದ ಕಚೇರಿಯೊಂದರ ನಾಲ್ಕನೇ ಮಹಡಿಯಲ್ಲಿ ಧನುಶ್ರೀ ಒಂದು ಕಂಪ್ಯೂಟರನ್ನು ಬೇಕೆಂದೇ ಹಾಳುಗೆಡವುತ್ತಿದ್ದಾರೆ. ಯಾರದೋ ಇಮೇಲಿಗೆ ಬಿಲ್ಲಿನ ವೇಷದಲ್ಲಿ ಬಂದ ವೈರಸ್ ಅದು. ಹೊರಗಿನ ಸಂಪರ್ಕವೇ ಇಲ್ಲದ ಯಂತ್ರದಲ್ಲಿ ಅದನ್ನು ತೆರೆದು, ಏನು ಮಾಡುತ್ತದೋ ಮಾಡಲಿ ಎಂದು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾರೆ. ಫೋಟೊ, ಕಾಗದಪತ್ರ ಎಲ್ಲಕ್ಕೂ ಒಂದೊಂದಾಗಿ ಬೀಗ ಬೀಳುತ್ತದೆ. ಕೊನೆಗೆ ಪರದೆಯ ಮೇಲೆ ‘ದುಡ್ಡು ಕೊಡು’ ಎಂಬ ಬೆದರಿಕೆ ಮೂಡುತ್ತದೆ. “ಬಂದ್ಯಾ ದಾರಿಗೆ!” ಎನ್ನುತ್ತಾರೆ ಧನುಶ್ರೀ, ತುಂಟ ಹುಡುಗನನ್ನು ಹಿಡಿದ ಟೀಚರಂತೆ.

ಚನ್ನರಾಯಪಟ್ಟಣದ ಇವರು ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ವೈರಸ್ ತಡೆಯುವ ತಂತ್ರಾಂಶ ತಯಾರಿಸುವ ಕಂಪನಿಯೊಂದರಲ್ಲಿ ಸಂಶೋಧಕಿ. ಅನುಮಾನದ ಫೈಲುಗಳು ದಿನಕ್ಕೆ ಲಕ್ಷಗಟ್ಟಲೆ ಬರುತ್ತವೆ. ಹೆಚ್ಚಿನವನ್ನು ಯಂತ್ರಗಳೇ ಜರಡಿ ಹಿಡಿಯುತ್ತವೆ, ಉಳಿದ ತಲೆನೋವು ಇವರ ತಂಡದ ಪಾಲು. ವೈರಸ್ಸನ್ನು ಪತ್ತೆಹಚ್ಚುವ ಗುರುತೊಂದನ್ನು ಇವರು ಬರೆದರೆ, ಅಂದೇ ಅದು ಊರೂರಿನ ಕಂಪ್ಯೂಟರುಗಳಿಗೆ ಹೋಗಿ ಕಾವಲು ಕೂರುತ್ತದೆ. ಕಚೇರಿಗಳು ಮುಚ್ಚಿರುವ ಹಬ್ಬದ ದಿನಗಳೆಂದರೆ ಈ ಕಳ್ಳರಿಗೆ ಪ್ರೀತಿ. ಹಾಗಾಗಿ ಇವರ ಯುಗಾದಿ, ಗಣೇಶ ಹಬ್ಬಗಳು ಎಷ್ಟೋ ಸಲ ಲ್ಯಾಬಿನಲ್ಲೇ ಕಳೆದಿವೆ.

“ಅಮ್ಮ ನೆಂಟರಿಗೆಲ್ಲ ‘ಮಗಳು ಕಂಪ್ಯೂಟರ್ ರಿಪೇರಿ ಮಾಡ್ತಾಳೆ’ ಅಂತಾರೆ. ಯಾರ ಮೊಬೈಲ್ ಹ್ಯಾಂಗ್ ಆದ್ರೂ ಕಾಲ್ ನನಗೇ ಬರುತ್ತೆ,” ಎಂದು ನಗುತ್ತಾರೆ.

ನಗು ನಿಲ್ಲುವುದು ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತು ಬಂದಾಗ. ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಕದ್ದು ನೋಡಿ ಪಾಸ್‌ವರ್ಡ್ ಲಪಟಾಯಿಸುವ ವೈರಸ್ಸೊಂದಕ್ಕೆ ಅವರು ಗುರುತು ಬರೆದಿದ್ದರು. ಆದರೆ ಕನ್ನಡ, ಮರಾಠಿ ಟೈಪ್ ಮಾಡುವ ಹಳೆಯ ತಂತ್ರಾಂಶಗಳ ಕೆಲಸವೂ ಹೆಚ್ಚುಕಡಿಮೆ ಹೀಗೇ. ಇಂಗ್ಲಿಷ್ ಕೀಲಿ ಒತ್ತಿದ್ದನ್ನು ನಡುವೆಯೇ ಹಿಡಿದು ನಮ್ಮ ಅಕ್ಷರವಾಗಿಸಿ ಕೊಡುತ್ತವೆ. ಕಳ್ಳನಿಗೆ ಬೀಸಿದ ಬಲೆಗೆ ಪಾಪದ ಗುಮಾಸ್ತನಂತಿದ್ದ ಈ ತಂತ್ರಾಂಶಗಳೂ ಬಿದ್ದವು. ಪುಣೆ ಹತ್ತಿರದ ಸಾಸವಡದಲ್ಲಿ ಸಣ್ಣ ಪ್ರೆಸ್ಸು ನಡೆಸುವ, ಇಂಡಿ ಕಡೆಯ ಅವಧೂತ ಅವರ ಕಂಪ್ಯೂಟರಿನಲ್ಲಿ ಅಕ್ಷರ ಮೂಡುವುದೇ ನಿಂತಿತು. ಸಂಜೆಗೆ ಕೊಡಬೇಕಿದ್ದ ಮದುವೆ ಕಾರ್ಡು ಅರ್ಧಕ್ಕೇ ಉಳಿಯಿತು.

ಅವರ ದೂರು ಬಂದ ಕೂಡಲೇ ಕಂಪನಿ ಆ ಗುರುತನ್ನು ಹಿಂತೆಗೆದುಕೊಂಡಿತು. ಧನುಶ್ರೀಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಕ್ಷಮೆ ಕೇಳಲು ಮರುದಿನವೇ ಸಾಸವಡದ ಬಸ್ ಹತ್ತಿದರು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದರಂತೆ.

“ಬರ್ರಿ ತಂಗಿ, ಮೊದಲ ಚಹಾ ಕುಡೀರಿ. ಜಗಳ ಆಮ್ಯಾಲ ಆಡೂಣು,” ಎಂದರು ಅವಧೂತ.

ಜಗಳ ಆಗಲೇ ಇಲ್ಲ. ಬದಲಿಗೆ ಅವರು ಪರಿಚಯದ ಪ್ರೆಸ್ಸಿನವರಿಗೆಲ್ಲ ಫೋನ್ ಹಚ್ಚಿದರು. ಸೊಲ್ಲಾಪುರದವರೆಗೂ ಹುಡುಕಿಸಿ, ಇಂಥ ಹಳೆಯ ಟೈಪಿಂಗ್ ತಂತ್ರಾಂಶಗಳನ್ನು ಗುಡ್ಡೆ ಹಾಕಿ ಕಳಿಸಿಕೊಟ್ಟರು. “ಇವು ನಮ್ಮ ಮಂದಿ ಅಂತ ನಿಮ್ಮ ಮಷೀನಿಗೆ ತಿಳಿಸ್ರಿ,” ಎಂದರಂತೆ. ಅಂದಿನಿಂದ ಲ್ಯಾಬಿನ ಪ್ರತಿ ಹೊಸ ಗುರುತೂ ಮೊದಲು ಈ ‘ನಮ್ಮ ಮಂದಿ’ಯ ಮೇಲೆ ಪರೀಕ್ಷೆಯಾಗುತ್ತದೆ. ಯಾರನ್ನೂ ಹಿಡಿಯದಿದ್ದರೆ ಮಾತ್ರ ಹೊರಗೆ ಹೋಗುತ್ತದೆ.

“ಅವತ್ತು ಬೈದು ಕಳಿಸಿದ್ದಿದ್ರೆ ನಾನು ಈ ಕೆಲಸಾನೇ ಬಿಟ್ಟುಬಿಡ್ತಿದ್ದೆ. ಅವಧೂತ ಕಾಕಾನ ಋಣ ದೊಡ್ಡದು,” ಎನ್ನುತ್ತಾರೆ ಧನುಶ್ರೀ.

ಇವತ್ತಿನ ಪರೀಕ್ಷೆಯಲ್ಲೂ ಕೆಂಪು ದೀಪ ಹತ್ತುತ್ತದೆ. ಬೀಗ ಹಾಕುವ ವೈರಸ್ಸಿಗೆ ಬರೆದ ಗುರುತು ಒಂದು ಮರಾಠಿ ಟೈಪಿಂಗ್ ತಂತ್ರಾಂಶವನ್ನೂ ಹಿಡಿದಿದೆ. ಅತ್ತ ಕಚೇರಿಗಳು ತೆರೆಯುವ ಹೊತ್ತು ಹತ್ತಿರವಾಗುತ್ತಿದೆ. ಜನ ಇಮೇಲ್ ತೆರೆದರೋ, ವರ್ಷಗಳ ದುಡಿಮೆಗೆ ಬೀಗ ಬಿತ್ತೆಂದೇ ಲೆಕ್ಕ.

“ಬಿಟ್ಬಿಡೋಣ್ವಾ ಮೇಡಂ? ಈ ಓಲ್ಡ್ ಸಾಫ್ಟ್‌ವೇರ್ ಈಗ ಯಾರು ಯೂಸ್ ಮಾಡ್ತಾರೆ?” ಎನ್ನುತ್ತಾನೆ ಸಹೋದ್ಯೋಗಿ ಪ್ರಜ್ವಲ, ಗಡಿಯಾರ ನೋಡುತ್ತ.

“ಸಾಸವಡದಲ್ಲಿ ಒಬ್ರು ಮಾಡ್ತಾರೆ. ಕೂತ್ಕೋ,” ಎನ್ನುತ್ತಾರೆ ಧನುಶ್ರೀ.

ತಣ್ಣಗಾದ ಕಾಫಿಯನ್ನು ಪಕ್ಕಕ್ಕೆ ಸರಿಸಿ ವೈರಸ್ಸನ್ನೂ ಆ ತಂತ್ರಾಂಶವನ್ನೂ ಮತ್ತೆ ಬಿಡಿಸಿ ನೋಡುತ್ತಾರೆ. ಎಡವಟ್ಟು ಸಿಗುತ್ತದೆ. ಎರಡನ್ನೂ ಒಂದೇ ಬಗೆಯ ಪೊಟ್ಟಣದಲ್ಲಿ ಕಟ್ಟಲಾಗಿದೆ. ಇವರ ಗುರುತು ಹಿಡಿದದ್ದು ಪೊಟ್ಟಣವನ್ನು, ಒಳಗಿನ ವಿಷವನ್ನಲ್ಲ. ಬೀಗ ಹಾಕುವ ಭಾಗವನ್ನೇ ಹೆಕ್ಕಿ ಗುರುತನ್ನು ಹೊಸದಾಗಿ ಬರೆಯುತ್ತಾರೆ. ಈ ಸಲ ಹಸಿರು ದೀಪ. ಕಚೇರಿಗಳ ಬಾಗಿಲು ತೆರೆಯುವ ಮೊದಲೇ ಕಾವಲು ಹೊರಡುತ್ತದೆ. ಆ ಬೆಳಿಗ್ಗೆ ನೆಮ್ಮದಿಯಾಗಿ ಇಮೇಲ್ ತೆರೆದ ನಾವೆಲ್ಲ ಇವರಿಗೊಂದು ಥ್ಯಾಂಕ್ಸ್ ಬಾಕಿ ಉಳಿಸಿಕೊಂಡಿದ್ದೇವೆ.

ಆದರೆ ಧನುಶ್ರೀಗೆ ಕೇಳಬೇಕಿರುವುದು ಬೇರೆಯೇ ದನಿ. ಫೋನ್ ಕೈಗೆತ್ತಿಕೊಳ್ಳುತ್ತಾರೆ.

“ಕಾಕಾ, ಅಕ್ಷರ ಬರ್ತಿದ್ಯಾ?”

“ಬರಾಕತ್ತಾವಲ್ಲ! ಯಾಕ ತಂಗಿ, ಏನಾತು?”

“ಏನೂ ಆಗಿಲ್ಲ ಕಾಕಾ.”

ಫೋನ್ ಕೆಳಗಿಟ್ಟು, ಕಣ್ಣುಜ್ಜಿಕೊಂಡು ನಗುತ್ತಾರೆ. “ದಿನಾ ಇಷ್ಟು ಹೇಳೋಕಾದ್ರೆ ಸಾಕು ನನಗೆ.”