ಬಸ್ಸಿನ ಮೆಟ್ಟಿಲು ಅಳೆದು ಮೈಸೂರಿಗೆ

ಮೈಸೂರಿಗೆ ಹೊರಟ ದಿನ ಮಬ್ಬುಗತ್ತಲೆ ಇರುವಾಗಲೇ ಗಾಡಿ ಕಟ್ಟಿಸಿದೆವು. ಮಾಯಸಂದ್ರ ನಮ್ಮೂರಿಗೆ ಒಂದೂವರೆ ಮೈಲಿ. ಬಸ್ಸು ಬರುವುದು ಬೆಳಕು ಚೆನ್ನಾಗಿ ಹರಿದ ಮೇಲೆ. ಅಷ್ಟು ಬೇಗ ಹೊರಡುವ ಅಗತ್ಯವೇನೂ ಇರಲಿಲ್ಲ. ಆದರೆ ಊರಿನವರು ಏಳುವ ಮುಂಚೆ ಊರು ದಾಟಿರಬೇಕು ಎಂಬುದು ನಮ್ಮ ಯಜಮಾನರ ಷರತ್ತು. ಗಾಡಿಗೆ ಹುಲ್ಲು ತುಂಬಿ, ಮೇಲೆ ಜಮಖಾನ ಹಾಸಿ ಅವರನ್ನು ಕೂರಿಸಿ, ಊರುಗೋಲುಗಳನ್ನು ಪಕ್ಕಕ್ಕೆ ಮಲಗಿಸಿದೆ. ನನ್ನ ಅತ್ತೆ, ಒಂಬತ್ತು ವರ್ಷದ ಮಗಳು ಭಾಗ್ಯ ಮತ್ತು ನಾನು ಹಿಂದೆ ಹತ್ತಿ ಕೂತೆವು. ಗಾಡಿ ಹೊಡೆಯುತ್ತಿದ್ದ ಮೈದುನ ಸಿದ್ದ ಎತ್ತುಗಳ ಕೊರಳ ಗಂಟೆಗೆ ಬಟ್ಟೆ ಸುತ್ತಿದ್ದ. ಯಾರೂ ಹೇಳಿರಲಿಲ್ಲ, ತಾನಾಗಿಯೇ ಸುತ್ತಿದ್ದ.

ಇದು ಎಂಬತ್ತರ ಆಚೀಚಿನ ಮಾತು. ಅದರ ಹಿಂದಿನ ವರ್ಷ ಯುಗಾದಿ ಕಳೆದ ಮೇಲೆ ನಮ್ಮವರು ತೆಂಗಿನ ಮರದಿಂದ ಬಿದ್ದಿದ್ದರು. ನಮ್ಮ ಕಡೆ ತೋಟದ ಯಜಮಾನರು ಮರ ಹತ್ತುವುದು ಕಡಿಮೆ, ಅದಕ್ಕೆಂದೇ ಆಳು ಬರುತ್ತಾನೆ. ಅವತ್ತು ನನ್ನ ತವರಿನವರು ಬಂದಿದ್ದರು. ಆಳು ಸಿಗಲಿಲ್ಲವೆಂದು ಇವರೇ ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ಎಳನೀರು ಕೀಳಲು ಹತ್ತಿದರು. ನಾವೆಲ್ಲ ಮನೆಯೊಳಗಿದ್ದೆವು. ಭಾಗ್ಯ ಕಿರುಚಿದ್ದು ಕೇಳಿ ಓಡಿಹೋದೆವು. ಎಡಗಾಲು ಮೊಳಕಾಲಿನಿಂದ ಕೆಳಗೆ ಉಳಿಯಲಿಲ್ಲ. ಹೆಂಡತಿ ಕಡೆಯವರ ಮುಂದೆ ಶೂರತನ ತೋರಿಸಲು ಹೋಗಿ ಕಾಲು ಕಳೆದುಕೊಂಡ ಎಂದು ಊರು ಆಡಿಕೊಂಡಿತು. ಅತ್ತೆಯೂ ಅದನ್ನೇ ಅಂದರು. ನಾನೂ ಹಾಗೆಯೇ ನಂಬಿದ್ದೆ. ಅವರು ಯಾರಿಗೂ ತಿರುಗಿ ಉತ್ತರ ಕೊಡಲಿಲ್ಲ.

ಆಸ್ಪತ್ರೆಯಿಂದ ಬಂದವರು ಬೀದಿಗೆ ಕಾಲಿಡಲಿಲ್ಲ. ಹಿತ್ತಿಲ ಜಗಲಿಯಲ್ಲಿ ಕೂತು, ಅಟ್ಟದಿಂದ ಇಳಿಸಿದ ಒಣಕಾಯಿಗಳ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಒಂದು ಉಂಡೆಯೂ ಹೋಳಾಗದ ಹಾಗೆ ಬಿಡಿಸುವುದು ಅವರ ಕೈಗುಣ. ಮುಂಬಾಗಿಲಲ್ಲಿ ಯಾರದಾದರೂ ದನಿ ಕೇಳಿದರೆ ಟವೆಲನ್ನು ಮೊಳಕಾಲಿನ ಮೇಲೆ ಎಳೆದುಕೊಳ್ಳುತ್ತಿದ್ದರು. ತಿಪಟೂರಿನ ಸಂತೆಯಿಂದ ಹೊರೆ ಸುದ್ದಿ ತರುತ್ತಿದ್ದ ಮನುಷ್ಯ, ಈಗ ಸಿದ್ದನ ಕೈಲಿ ಕೊಬ್ಬರಿ ಕಳಿಸಿ ಧಾರಣೆ ಏನಾಯಿತು ಎಂದೂ ಕೇಳುತ್ತಿರಲಿಲ್ಲ.

ಮೈಸೂರಿನ ಮಾತು ತೆಗೆದವಳು ಭಾಗ್ಯ. ಶಾಲೆಯ ದೊಡ್ಡ ತರಗತಿಯ ಮಕ್ಕಳು ಮೈಸೂರು ನೋಡಿಕೊಂಡು ಬಂದು, ಅರಮನೆ, ಜಿರಾಫೆ ಎಂದು ದಿನವೂ ಹೇಳಿ ಇವಳ ತಲೆ ತುಂಬಿದ್ದರು. ಒಂದು ಮಧ್ಯಾಹ್ನ ಅಪ್ಪನ ಎದುರು ಕೂತು ರಾಗ ತೆಗೆದಳು.

"ನಿಮ್ಮವ್ವನ ಜೊತೆ ಹೋಗಿದ್ದು ಬಾ ಮಗ," ಅಂದರು.

"ನೀನೂ ಬಾರಪ್ಪ."

"ಜನ ನೋಡ್ತಾರೆ ಕಣವ್ವ."

"ಮೈಸೂರಲ್ಲಿ ನಿನ್ನ ಯಾರ್ಗೂ ಗೊತ್ತೇ ಇಲ್ವಲ್ಲಪ್ಪ? ಗೊತ್ತಿಲ್ದೇರೋರು ನೋಡಿದ್ರೆ ನೋಡ್ಕಳ್ಳಲಿ."

ಅವರು ಮತ್ತೊಂದು ಕಾಯಿ ಕೈಗೆ ತೆಗೆದುಕೊಂಡರು. ಅದನ್ನು ಒಡೆದು, ಇನ್ನೊಂದನ್ನೂ ಒಡೆದು, ನನ್ನ ಕಡೆ ತಿರುಗದೆಯೇ ಕೇಳಿದರು: "ಲೇ ಗೌರಿ, ಬಸ್ಸಿನ ಮೆಟ್ಲು ನೆಲದಿಂದ ಎಷ್ಟೆತ್ತರ ಇರ್ತದೆ?"

ಕಸ ಗುಡಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ವರ್ಷದಲ್ಲಿ ಅವರು ಮನೆಯ ಹೊರಗಿನದೊಂದನ್ನು ಕೇಳಿದ್ದು ಅದೇ ಮೊದಲು.

ಮಾರನೆಯ ದಿನವೇ ಸಾಮಾನು ತರುವ ನೆಪ ಹೇಳಿ ಮಾಯಸಂದ್ರಕ್ಕೆ ನಡೆದೆ. ತುರುವೇಕೆರೆ ಕಡೆಯ ಬಸ್ಸು ನಿಂತಿತ್ತು. ಮೆಟ್ಟಿಲ ಪಕ್ಕ ನಿಂತು, ಅದು ನನ್ನ ಮೊಳಕಾಲಿಗೆ ಎಲ್ಲಿಗೆ ಬರುತ್ತದೆ ಎಂದು ನೋಡಿದೆ. ಸಾಲದೆಂದು ಗೇಣು ಹಾಕಿಯೂ ಅಳೆದೆ. ಎರಡನೆಯ ಮೆಟ್ಟಿಲು, ಹಿಡಿದುಕೊಳ್ಳುವ ಕಂಬಿ, ಎಲ್ಲಕ್ಕೂ ಗೇಣು ಹಾಕಿದೆ. ಕಂಡಕ್ಟರು ಬೀಡಿ ಎಸೆದು ಹತ್ತಿರ ಬಂದ.

"ಏನಮ್ಮ, ಬಸ್ಸು ಕೊಂಡ್ಕತೀರಾ?"

"ಇಲ್ಲ ಕಣಪ್ಪ, ನಮ್ಮೆಜಮಾನ್ರಿಗೆ ಒಂದು ಕಾಲಿಲ್ಲ. ಹತ್ತಕ್ಕಾಯ್ತದಾ ಅಂತ ನೋಡ್ತಿದೀನಿ," ಅಂದೆ.

ಅವನ ಮುಖದ ನಗು ಹೋಯಿತು. "ಮುಂದಿನ ಬಾಗ್ಲಲ್ಲಿ ಹತ್ತಿಸ್ರಿ. ಕಂಬಿ ಗಟ್ಟಿಯಾಗದೆ. ಡ್ರೈವರ್ ಹಿಂದಿನ ಸೀಟಲ್ಲಿ ಕಾಲು ನೀಡ್ಕಂಡು ಕೂರ್ಬೋದು," ಎಂದು ತಾನೇ ಒಂದು ಸಲ ಒಂಟಿ ಕಾಲಲ್ಲಿ ಹಾರಿ ಹತ್ತಿ ತೋರಿಸಿದ.

ಮನೆಗೆ ಬಂದು ನನ್ನ ಗೇಣಿನ ಅಳತೆ ಕೊಟ್ಟೆ. ಸಿದ್ದ ಕೊಟ್ಟಿಗೆಯ ಹಿಂದೆ ಕಲ್ಲು ಚಪ್ಪಡಿ ಪೇರಿಸಿ ಅದೇ ಎತ್ತರದ ಎರಡು ಮೆಟ್ಟಿಲು ಕಟ್ಟಿದ, ಪಕ್ಕದಲ್ಲಿ ಕಂಬಿಯ ಬದಲು ಗಳ ನೆಟ್ಟ. ನಮ್ಮವರು ದಿನಾ ಸಂಜೆ ಅಲ್ಲಿಗೆ ಹೋಗಿ ಗಳ ಹಿಡಿದು ಹಾರಿ ಹತ್ತುವುದು, ಇಳಿಯುವುದು. ಎರಡು ಸಲ ಬಿದ್ದರು. ಒಂದು ಸಲ ಮೊಣಕೈ ತರಚಿತು. ಅತ್ತೆ ಅರಿಸಿನ ಹಚ್ಚುತ್ತ, "ಯಾಕ್ಲಾ ನಂಜ ಈ ಕಷ್ಟ? ಮೈಸೂರು ಎಲ್ಲಿಗೂ ಓಡೋಗಲ್ಲ ಬುಡು," ಅಂದರು. ಭಾಗ್ಯ ಮಾತ್ರ ಮೆಟ್ಟಿಲ ಮೇಲೆ ನಿಂತು "ರೈಟ್! ರೈಟ್!" ಎಂದು ಕೂಗುತ್ತಿದ್ದಳು.

ಉಳಿದದ್ದೆಲ್ಲ ನನ್ನ ತಲೆಯ ಮೇಲಿನ ಕೆಲಸ. ಮೆಟ್ಟಿಲಿಲ್ಲದ, ನೆಲಮಟ್ಟದ ಕೋಣೆ ಸಿಗುವ ಛತ್ರ ಬೇಕಿತ್ತು. ನನ್ನ ಸೋದರಮಾವ ಮೈಸೂರಿನಲ್ಲಿದ್ದರು, ರೈಲ್ವೆ ಸ್ಟೇಷನ್ನಿನ ಹತ್ತಿರ ಗೊತ್ತು ಮಾಡಿ ಹೇಳಿ ಕಳಿಸಿದರು. ಇನ್ನೊಂದು ತೊಂದರೆಯನ್ನು ಬಾಯಿಬಿಟ್ಟು ಯಾರಿಗೂ ಹೇಳುವಂತಿರಲಿಲ್ಲ. ಒಂದು ಕಾಲಿನವರು ಕಕ್ಕಸಿನಲ್ಲಿ ಕೂರುವುದು ಹೇಗೆ? ನಡುವೆ ತೂತು ಕೊರೆದ ಗಟ್ಟಿ ಮರದ ಸ್ಟೂಲೊಂದನ್ನು ಆಚಾರಿಯ ಕೈಲಿ ಮಾಡಿಸಿ ಗೋಣಿಚೀಲದಲ್ಲಿಟ್ಟು ಹೊಲಿದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಚೀಲ ಮುಟ್ಟಿ ನೋಡಿ ಏನು ಎಂದಾಗ ಅತ್ತೆ ಕಣ್ಣು ಪಿಳುಕಿಸದೆ, "ಹಲಸಿನಹಣ್ಣು ಕಣವ್ವ, ನೆಂಟ್ರಿಗೆ," ಅಂದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಅದಕ್ಕೆ ಹಲಸಿನಹಣ್ಣು ಎಂದೇ ಹೆಸರು.

ಬಸ್ಸು ಹತ್ತಿದ್ದನ್ನು ಹೇಳಬೇಕು. ಮುಂದಿನ ಬಾಗಿಲಿಗೆ ಬಂದು, ಊರುಗೋಲುಗಳನ್ನು ನನಗೆ ಕೊಟ್ಟು, ಕಂಬಿ ಹಿಡಿದು, ಒಂದು ಉಸಿರು ತೆಗೆದುಕೊಂಡು ಹಾರಿದರು. ನನ್ನ ಗೇಣು ಮೋಸ ಮಾಡಿರಲಿಲ್ಲ. ಭಾಗ್ಯ ಮೆಲ್ಲಗೆ "ರೈಟ್" ಅಂದಳು.

ಟಿಕೀಟು ದೊಡ್ಡವರಿಗೆ ಹತ್ತು ರೂಪಾಯಿಯ ಒಳಗೇ, ಭಾಗ್ಯಳಿಗೆ ಅರ್ಧ. ಅರವತ್ತು ಮೈಲಿಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ನಾಗಮಂಗಲದವರೆಗೆ ಎರಡೂ ಕಡೆ ತೆಂಗು ನಮ್ಮ ಜೊತೆಯಲ್ಲೇ ಬಂತು. ನಮ್ಮವರು ಕಿಟಕಿಯ ಹೊರಗೆ ಮುಖ ಹಾಕಿ, "ಈ ತೋಟಕ್ಕೆ ನೀರು ಸಾಲ್ದು," "ಇವ್ನು ಗೊಬ್ಬರ ಹಾಕಿಲ್ಲ," ಎಂದು ಯಾರದೋ ತೋಟಗಳಿಗೆಲ್ಲ ನ್ಯಾಯ ಹೇಳತೊಡಗಿದರು. ನಾಗಮಂಗಲದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಬಿಚ್ಚಿ ಸೀಟಿನಲ್ಲೇ ತಿಂದೆವು. ಪಾಂಡವಪುರ ದಾಟಿದ ಮೇಲೆ ತೆಂಗು ಹಿಂದೆ ಸರಿದು ಕಬ್ಬು, ಗದ್ದೆ ಶುರುವಾದವು. ಶ್ರೀರಂಗಪಟ್ಟಣದಲ್ಲಿ ಹೊಳೆ ಕಂಡಾಗ ಅತ್ತೆ ಕೂತಲ್ಲಿಂದಲೇ ಕೈಮುಗಿದು, "ಇಷ್ಟೊಂದು ನೀರಾ!" ಅಂದರು. ಕೆರೆಯನ್ನಷ್ಟೇ ಕಂಡ ಜೀವ ಅದು.

ಆ ಮಧ್ಯಾಹ್ನವೇ ಅರಮನೆಗೆ ಹೋದೆವು. ಜಟಕಾದಿಂದ ಇಳಿದಾಗ ಜನವೋ ಜನ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬೆವರುತ್ತಿದ್ದರು. ಊರುಗೋಲು ಊರಿ ನಾಲ್ಕು ಹೆಜ್ಜೆ ಇಟ್ಟು ನಿಂತರು. ಯಾರೋ ಮಗುವೊಂದು ಬೆರಳು ತೋರಿಸಿತು, ಅದರ ತಾಯಿ ಅದನ್ನು ಎಳೆದುಕೊಂಡು ಹೋದಳು. ವಾಪಸು ಹೋಗೋಣ ಎನ್ನುತ್ತಾರೆ ಎಂದೇ ನಾನು ಎಣಿಸಿದೆ. ಆದರೆ ಅವರು ಮತ್ತೆ ಮುಂದೆ ನಡೆದರು, ಚಪ್ಪಲಿ ಬಿಡುವ ಜಾಗ ಬಂತು. ಅಲ್ಲಿ ಕೂತಿದ್ದ ಮುದುಕ ನಮ್ಮ ಚಪ್ಪಲಿಗಳನ್ನು ಜೋಡಿ ಮಾಡಿ ಇಡುತ್ತ, ತಲೆ ಎತ್ತದೆಯೇ, "ಇಲ್ಲಿ ಒಂದೇ ಇದೆ. ಇನ್ನೊಂದೆಲ್ಲಿ?" ಅಂದ.

ನನಗೆ ನೆಲ ಬಾಯಿಬಿಟ್ಟ ಹಾಗಾಯಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ನಮ್ಮವರು ಹೇಳಿದರು: "ನಂದು ಒಂದೇ ಕಣಪ್ಪ. ಅರ್ಧ ಚಾರ್ಜು ತಗೋ."

ಮುದುಕ ತಲೆ ಎತ್ತಿ ನೋಡಿ ಹಣೆ ಚಚ್ಚಿಕೊಂಡ. "ತಪ್ಪಾಯ್ತು ಸ್ವಾಮಿ, ತಪ್ಪಾಯ್ತು," ಎಂದು ಎದ್ದೇ ನಿಂತ. ಇವರು ಮಾತ್ರ ನಗುತ್ತಿದ್ದರು. ಅವರ ನಗು ನೋಡಿ ಮುದುಕನೂ ನಕ್ಕ, ಭಾಗ್ಯ ನಕ್ಕಳು. ಅತ್ತೆ ನಗುತ್ತ ಕಣ್ಣೊರೆಸಿಕೊಂಡರು. ಆಮೇಲೆ ಅರಮನೆಯ ಬಣ್ಣದ ಗಾಜು, ಕಂಬ, ಬೆಳ್ಳಿಯ ಬಾಗಿಲು ಎಲ್ಲ ನೋಡಿದೆವು. ನನಗೆ ಯಾವುದೂ ಸರಿಯಾಗಿ ನೆನಪಿಲ್ಲ. ಆ ನುಣುಪು ನೆಲದ ಮೇಲೆ ಅವರ ಊರುಗೋಲಿನ ಟಕ್ ಟಕ್ ಸದ್ದು ನನ್ನ ಮುಂದೆ ಮುಂದೆ ಹೋಗುತ್ತಿದ್ದದ್ದು ನೆನಪಿದೆ.

ಮಾರನೆಯ ಬೆಳಿಗ್ಗೆ ಮೃಗಾಲಯ. ಜಿರಾಫೆಯವರೆಗೆ ಅವರೂ ನಡೆದರು. ಅಷ್ಟು ಹೊತ್ತಿಗೆ ಕಂಕುಳು ಕೆಂಪಾಗಿ ಉರಿಯುತ್ತಿತ್ತು. ಭಾಗ್ಯಳನ್ನು ಅಜ್ಜಿಯ ಜೊತೆ ಮುಂದೆ ಕಳಿಸಿ, ನಾವಿಬ್ಬರೂ ಹೊರಗೆ ಬಂದೆವು. ಹಿಂದಿನ ದಿನದ ಜಟಕಾ ಸಾಬರು ಮರದ ನೆರಳಲ್ಲಿ ಕುದುರೆಗೆ ಹುಲ್ಲು ಹಾಕುತ್ತಿದ್ದರು. ಇವರು ಗಾಡಿಯ ಅಂಚಿಗೆ ಕೂತರು. ನಾನು ಹಿಂಬದಿಯಲ್ಲಿ ನಿಂತು ಟವೆಲು ಒದ್ದೆ ಮಾಡುತ್ತಿದ್ದೆ.

"ಏನಾಯ್ತು ಯಜಮಾನ್ರೆ ಕಾಲಿಗೆ?" ಸಾಬರು ಮಳೆ ಬಂತಾ ಎಂದು ಕೇಳುವಷ್ಟು ಸಲೀಸಾಗಿ ಕೇಳಿದರು. ನಮ್ಮೂರಿನಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ.

"ತೆಂಗಿನ ಮರದಿಂದ ಬಿದ್ದೆ."

"ಕಾಲು ಜಾರ್ತಾ?"

ಇವರು ತಡೆದು ತಡೆದು ಹೇಳಿದರು. "ಜಾರ್ಲಿಲ್ಲ. ಗೊನೆ ಕಡ್ದಿದ್ದೆ. ಒಂದ್ ಕೈಲಿ ಹಿಡ್ಕಂಡಿದ್ದೆ, ಇನ್ನೇನು ಕೆಳೀಕೆ ಬುಡ್ಬೇಕು. ನೋಡ್ತೀನಿ, ನನ್ ಮಗ್ಳು ಎಲ್ಲಿಂದ್ಲೋ ಬಂದು ಬುಡದಲ್ಲಿ ನಿಂತು ಮೇಲಕ್ಕೆ ನೋಡ್ತೈತೆ. ಕೂಗಿದ್ರೆ ಗಾಬ್ರಿಯಾಗಿ ಅಲ್ಲೇ ನಿಂತ್ಕತದೆ. ಬುಡ್ಲಿಲ್ಲ. ಗೊನೆ ಭಾರ ಎಳೀತು. ಮಗು ಇಲ್ದಿರೋ ಕಡೀಕೆ ವಾಲ್ಕಂಡು ಅದ್ರ ಜೊತೆ ನಾನೂ ಬಂದೆ."

ಸಾಬರು ಕೈಯಲ್ಲಿದ್ದ ಹುಲ್ಲನ್ನು ಹಾಗೆಯೇ ಹಿಡಿದು ನಿಂತಿದ್ದರು. "ಮನೇಲಿ ಹೇಳಿದ್ರಾ?"

"ಹೇಳಿದ್ರೆ ಅದು ಆ ಮಗೀನ ತಲೆ ಮೇಲೆ ಕೂತ್ಕತದೆ. ನನ್ನಿಂದ ಅಪ್ಪನ ಕಾಲು ಹೋಯ್ತು ಅಂತ ಬೆಳೀಬೇಕಾ ಅದು? ನಾನು ಜಂಬಗಾರ ಅನ್ನಿಸ್ಕಂಡ್ರೆ ಏನ್ ಹೋಯ್ತು ಬುಡಿ."

ನಾನು ಹಿಂದೆ ನಿಂತಿದ್ದು ಅವರಿಗೆ ಮರೆತೇಹೋಗಿತ್ತೋ, ಅಥವಾ ನನಗೂ ಕೇಳಲಿ ಎಂದೇ ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮುಂದೆ ಬಂದು ಒದ್ದೆ ಟವೆಲನ್ನು ಅವರ ಹೆಗಲ ಮೇಲೆ ಹಾಕಿದೆ. ಇಡೀ ವರ್ಷ ಒಂದೇ ಮನೆಯಲ್ಲಿದ್ದು, ಬಡಿಸಿ, ಗಾಯ ತೊಳೆದು, ನಾನು ಈ ಮನುಷ್ಯನನ್ನು ಅರಿತಿರಲಿಲ್ಲ. ಅವರು ನನ್ನ ಕೈಯನ್ನು ಹೆಗಲ ಮೇಲೇ ಅದುಮಿ ಹಿಡಿದುಕೊಂಡರು.

"ಭಾಗ್ಯಂಗೆ ಹೇಳ್ಬ್ಯಾಡ ಕಣೇ."

"ಹೇಳಲ್ಲ," ಅಂದೆ. ಅವಳಿಗೆ ಅದನ್ನು ಅವರೇ ಹೇಳಿದರು, ಎಷ್ಟೋ ವರ್ಷದ ಮೇಲೆ, ಅವಳ ಚೊಚ್ಚಲ ಮಗುವನ್ನು ಮಡಿಲಲ್ಲಿಟ್ಟುಕೊಂಡು.

"ಮಗಳು ಚೆನ್ನಾಗಿದ್ದಾಳಲ್ಲ, ಅಷ್ಟು ಸಾಕು," ಎಂದು ಸಾಬರು ಗೇಟಿನ ಕಡೆ ಕೈ ತೋರಿಸಿದರು. ಭಾಗ್ಯ ಎರಡು ಜಡೆ ಹಾರಿಸಿಕೊಂಡು ಓಡಿ ಬರುತ್ತಿದ್ದಳು. ಹಿಂದೆಯೇ ಏದುಸಿರು ಬಿಡುತ್ತ ಬಂದ ಅತ್ತೆ, "ಲೋ ನಂಜ, ನಮ್ ತೋಟಕ್ಕೆ ಅಂತಾ ಒಂದು ಜಿರಾಫೆ ತರಾನ ಕಣ್ಲಾ! ಮರ ಹತ್ದೇ ಎಳನೀರು ಕಿತ್ಕೊಡ್ತದೆ," ಅಂದರು. ಮಾತು ಆಡಿದ ಮೇಲೆ ಆಡಬಾರದಿತ್ತೆಂದು ಹೊಳೆದು ನಾಲಿಗೆ ಕಚ್ಚಿಕೊಂಡರು. ಇವರು ಗಾಡಿ ಅಲುಗಾಡುವ ಹಾಗೆ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅದರಲ್ಲಿ ಎಷ್ಟು ನಗು, ಎಷ್ಟು ಅಳು ಎಂದು ನಾನು ಹುಡುಕಲು ಹೋಗಲಿಲ್ಲ.

ಸಂಜೆ ಸಣ್ಣ ಮಳೆ ಬಂದು ಕಾದ ರಸ್ತೆಗಳು ಗಮ್ಮೆಂದವು. ಮಾರುಕಟ್ಟೆಯ ಸಾಲಿನಲ್ಲಿ ಬಾಳೆಹಣ್ಣು, ಅರಿಸಿನ, ಊದುಬತ್ತಿಯ ವಾಸನೆಗಳ ನಡುವೆ ಇವರು ಜನರನ್ನು "ಸ್ವಲ್ಪ ದಾರಿ ಬುಡ್ರಪ್ಪ" ಎಂದು ಸರಿಸಿಕೊಂಡು ಮುಂದೆ ನಡೆದರು, ನಾವು ಹಿಂದೆ. ಹೂವಿನ ಅಂಗಡಿಯಲ್ಲಿ ನಿಂತು ಚೌಕಾಸಿ ಮಾಡಿ ಒಂದು ಮಾರು ಮಲ್ಲಿಗೆ ತೆಗೆದುಕೊಟ್ಟರು. ಮದುವೆಯಾದ ಮೇಲೆ ಅವರು ನನಗೆ ಅಂಗಡಿಯಲ್ಲಿ ನಿಂತು ಹೂ ಕೊಂಡದ್ದು ಅದೇ ಮೊದಲು. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಅತ್ತೆ ಮಾತ್ರ ಪಲ್ಯ ಬಿಡಿಸಿ ಬೇರೆ ತಿಂದು, ದೋಸೆ ಬೇರೆ ತಿಂದರು.

ಮೂರನೆಯ ದಿನ ಹೊರಟೆವು. ಮಾಯಸಂದ್ರಕ್ಕೆ ಬಂದಾಗ ಮಧ್ಯಾಹ್ನದ ಬಿಸಿಲು, ಬಸ್ಸು ನಿಲ್ಲುವಲ್ಲಿ ಜನ ತುಂಬಿತ್ತು. ಸಿದ್ದ ಗಾಡಿಯನ್ನು ಆಚೆ ಮರೆಯಲ್ಲಿ ನಿಲ್ಲಿಸಿದ್ದ. ಇವರು ಕಂಬಿ ಹಿಡಿದು ಇಳಿದು ಊರುಗೋಲು ಕಂಕುಳಿಗೆ ಕೊಟ್ಟುಕೊಳ್ಳುವಷ್ಟರಲ್ಲಿ ಟೀ ಅಂಗಡಿಯ ಬೆಂಚಿನಿಂದ ಯಾರೋ ಕೂಗಿದರು.

"ಏನ್ ನಂಜಪ್ಪಣ್ಣ! ಕಂಡೇ ಇಲ್ವಲ್ಲ, ಎಲ್ಲಿಗೋಗಿದ್ದೆ?"

ಎಲ್ಲರೂ ತಿರುಗಿದರು. ಎಲ್ಲರ ಕಣ್ಣೂ ಮೊದಲು ಕಾಲಿಗೆ, ಆಮೇಲೆ ಮುಖಕ್ಕೆ. ಇವರು ನಮ್ಮನ್ನು ಒಮ್ಮೆ ನೋಡಿ, ಗಾಡಿಯ ಕಡೆಗಲ್ಲ, ಬೆಂಚಿನ ಕಡೆಗೆ ಊರುಗೋಲು ಊರಿದರು.

"ಮೈಸೂರಿಗೆ ಹೋಗಿದ್ದೆ ಕಣ್ಲಾ. ಸರಿ, ಜಾಗ ಬುಡು."

ನಾನು ಹತ್ತಿರ ಹೋಗಿ, "ಗಾಡಿ ಕಾಯ್ತಾ ಐತೆ," ಅಂದೆ.

"ನೀವು ನಡೀರಿ. ನಾನು ಟೀ ಕುಡ್ದು ಬತ್ತೀನಿ."

"ಹೆಂಗ್ ಬತ್ತೀಯ್ಲಾ ಅಷ್ಟು ದೂರ?" ಅತ್ತೆ ಗಾಡಿಯಿಂದಲೇ ಕೂಗಿದರು.

"ಯಾವ್ದಾರ ಗಾಡಿ ಸಿಗ್ತದೆ ಬುಡವ್ವ. ನೀ ನಡಿ."

ಅತ್ತೆ ಇನ್ನೊಂದು ಮಾತು ಹೇಳಲು ಬಾಯಿ ತೆರೆದರು. ನಾನು ಗಾಡಿ ಹತ್ತಿ ಅವರ ಕೈ ಹಿಡಿದು, ಸಿದ್ದನಿಗೆ ಹೊಡೆಯಲು ಹೇಳಿದೆ. ಗಾಡಿ ತಿರುವಿನಲ್ಲಿ ಹೊರಳುವಾಗ ಹಿಂದಕ್ಕೆ ನೋಡಿದೆ. ಬೆಂಚಿನ ಸುತ್ತ ಜನ ಸೇರಿದ್ದರು. ನಡುವೆ ಕೂತ ನಮ್ಮವರು ಒಂದು ಊರುಗೋಲನ್ನು ಆಕಾಶಕ್ಕೆ ಎತ್ತಿ, ಅರಮನೆಯ ಗೋಪುರ ಎಷ್ಟೆತ್ತರ ಎಂದು ತೋರಿಸುತ್ತಿದ್ದರು.